ಸುಜೂದ್‌ನಿಂದ ಏಳುವಾಗ ತೊಡೆ ನೋವೇ? ಕೊಲೆಸ್ಟ್ರಾಲ್ ಮಾತ್ರೆ ಬಿಡುವ ಮುನ್ನ ಇದನ್ನು ಓದಿ

ಕಳೆದ ಚಳಿಗಾಲದ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ದವಾಖಾನೆಗೆ ಬಂದಾಗ ಮಂಡಿ ಮೊಹಲ್ಲಾದ ಚಾಚಾ ಒಬ್ಬರು ಮೆಟ್ಟಿಲ ಮೇಲೆ ಕಾದು ಕುಳಿತಿದ್ದರು. ವಯಸ್ಸು ಅರವತ್ತೆರಡು. ಸಕ್ಕರೆ ಕಾಯಿಲೆ ಹಳೆಯದು. ಒಂದು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಒಳಗೆ ಬಂದವರೇ ಮೇಜಿನ ಮೇಲೆ ಒಂದು ಬಾಟಲಿ ಇಟ್ಟರು.

"ಹಕೀಮ್ ಸಾಬ್, ಇದನ್ನು ನೋಡಿ. ನಿಮ್ಮ ಮಾಜೂನ್ ಮಾಡದ ಕೆಲಸವನ್ನು ಇದು ಮೂರು ವಾರದಲ್ಲಿ ಮಾಡಿದೆ. ಸುಜೂದ್‌ನಿಂದ ಯಾರ ಕೈಯನ್ನೂ ಹಿಡಿಯದೆ ಏಳುತ್ತಿದ್ದೇನೆ. ನಿಮ್ಮ ಬೇರೆ ರೋಗಿಗಳಿಗೂ ಬರೆದುಕೊಡಿ, ಪುಣ್ಯ ಬರುತ್ತದೆ."

ರಿಯಾದ್‌ನಲ್ಲಿರುವ ಮಗ ಕಳಿಸಿದ ಬಾಟಲಿ. ಅನ್ನಾಟೊ ಎಂಬ ಗಿಡದ ಬೀಜದಿಂದ ತೆಗೆದ ಸತ್ವ ಎಂದು ಅದರ ಮೇಲೆ ಬರೆದಿತ್ತು. ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯಿಂದ ಬರುವ ಸ್ನಾಯು ನೋವಿಗೆ ಇದು ಒಳ್ಳೆಯದೆಂದು ವಾಟ್ಸಾಪ್‌ನಲ್ಲಿ ಯಾರೋ ಹೇಳಿದ್ದರಂತೆ. ಹಲಾಲ್ ಮುದ್ರೆ ಇದೆಯೇ ಎಂದು ನೋಡಿಯೇ ಮಗ ಕೊಂಡಿದ್ದ.

"ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಿದ್ದೀರಲ್ಲ ಚಾಚಾ?" ಎಂದು ಕೇಳಿದೆ.

"ಅದನ್ನು ಬಿಟ್ಟು ಒಂದು ತಿಂಗಳಾಯ್ತು. ನೋವಿಗೆ ಅದೇ ಕಾರಣ ಅಂದಮೇಲೆ ಅದನ್ನು ಯಾಕೆ ನುಂಗಲಿ?"

ಪ್ರಿಯ ಓದುಗರೇ, ಈ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಈ ಮಾತ್ರೆ ನಿಲ್ಲಿಸುವುದು ಸಣ್ಣ ವಿಷಯವಲ್ಲ. ಆದರೆ ಚಾಚಾ ಮೇಲೆ ರೇಗುವ ಹಕ್ಕು ನನಗಿರಲಿಲ್ಲ. ಈ ಕತೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮುಂದೆ ಹೇಳುತ್ತೇನೆ.

ಮಾತ್ರೆ ಏನು ಮಾಡುತ್ತದೆ?

ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ಎಂದೆಲ್ಲ ಚೀಟಿಯಲ್ಲಿ ಬರೆಯುವ ಮಾತ್ರೆಗಳಿಗೆ ಒಟ್ಟಾಗಿ ಸ್ಟ್ಯಾಟಿನ್ ಎಂದು ಹೆಸರು. ಇವು 'ಕೆಮಿಕಲ್', ಗಿಡಮೂಲಿಕೆ 'ನೈಸರ್ಗಿಕ' ಎಂದು ಹೇಳುವವರು ಇವುಗಳ ಹುಟ್ಟನ್ನು ತಿಳಿದಿರಬೇಕು. ಜಪಾನಿನ ವಿಜ್ಞಾನಿ ಅಕಿರಾ ಎಂಡೊ 6,000ದಷ್ಟು ಬೂಷ್ಟು ಮತ್ತು ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೊನೆಗೆ 1973ರಲ್ಲಿ ಅಕ್ಕಿಯ ಮೇಲೆ ಬೆಳೆದಿದ್ದ ನೀಲಿ ಹಸಿರು ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಸಿಕ್ಕಿತು. 1987ರಲ್ಲಿ ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದ ಲೋವಾಸ್ಟ್ಯಾಟಿನ್ ಕೂಡ ಬೂಷ್ಟಿನಿಂದ ತೆಗೆದದ್ದೇ. ಹಾಗಾಗಿ ನಿಸರ್ಗದಿಂದ ಬಂದದ್ದೇ ಎಂದು ಕೇಳಿದರೆ ಸಾಲದು. ಪರೀಕ್ಷೆಯಾಗಿದೆಯೇ ಎಂದು ಕೇಳಬೇಕು.

ಯಕೃತ್ತು ಕೊಲೆಸ್ಟ್ರಾಲನ್ನು ಹಲವು ಹಂತಗಳಲ್ಲಿ ತಯಾರಿಸುತ್ತದೆ. ಸ್ಟ್ಯಾಟಿನ್ ಅದರ ಆರಂಭದ ಒಂದು ಹಂತವನ್ನು ತಡೆಯುತ್ತದೆ. ಕನ್ನಂಬಾಡಿಯ ವಿಶ್ವೇಶ್ವರಯ್ಯ ನಾಲೆಯನ್ನು ನೆನಪಿಸಿಕೊಳ್ಳಿ. ಮೇಲಿನ ತೂಬನ್ನು ಅರ್ಧ ಇಳಿಸಿದರೆ ಕೊನೆಯ ಗದ್ದೆಗೆ ನೀರು ಕಡಿಮೆಯಾಗುತ್ತದೆ, ನಡುವೆ ಕವಲೊಡೆದ ಸಣ್ಣ ಕಾಲುವೆಗಳಿಗೂ ಕಡಿಮೆಯಾಗುತ್ತದೆ. ಕೊಲೆಸ್ಟ್ರಾಲ್ ಕೊನೆಯ ಗದ್ದೆ. ಕೋಎನ್‌ಜೈಮ್ ಕ್ಯೂ10 ಒಂದು ಕವಲು, ಜೆರಾನೈಲ್‌ಜೆರಾನಿಯಾಲ್ ಎಂಬ ಉದ್ದ ಹೆಸರಿನ ವಸ್ತುವಿಗೆ ಹೋಗುವುದು ಇನ್ನೊಂದು ಕವಲು. ಸ್ನಾಯುವಿನ ಕೋಶಗಳಿಗೆ ಇವೆರಡೂ ಬೇಕು. ಸ್ಟ್ಯಾಟಿನ್ ತೆಗೆದುಕೊಳ್ಳುವ ಕೆಲವರ ಸ್ನಾಯು ನೋಯುವುದಕ್ಕೆ ಈ ಕವಲುಗಳು ಬತ್ತುವುದು ಕಾರಣವಿರಬಹುದು ಎಂಬುದು ವಿಜ್ಞಾನಿಗಳ ಒಂದು ಊಹೆ.

ಹಾಗಿದ್ದರೆ ತೂಬು ಯಾಕೆ ಇಳಿಸಬೇಕು? ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಸುಮಾರು 39 ಮಿ.ಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂತಹ ಅನಾಹುತಗಳು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ. ಇದು ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಗಳಿಂದ ತಿಳಿದ ಮಾತು. ಒಮ್ಮೆ ಹೃದಯಾಘಾತವಾದವರಿಗೆ, ಸ್ಟೆಂಟ್ ಇರುವವರಿಗೆ ಇದು ಬದುಕಿನ ಪ್ರಶ್ನೆ.

ಬಾಟಲಿಯಲ್ಲಿ ಏನಿತ್ತು?

ಅನ್ನಾಟೊ ಮೈಸೂರಿಗೆ ಹೊಸದಲ್ಲ. ಮುಳ್ಳುಮುಳ್ಳಾದ ಕಾಯಿ, ಒಡೆದರೆ ಒಳಗೆ ಕುಂಕುಮದಂತಹ ಕೆಂಪು ಬೀಜ. ಬೆಣ್ಣೆ, ಚೀಸ್‌ಗಳಿಗೆ ಹಾಕುವ ಕೇಸರಿ ಹಳದಿ ಬಣ್ಣ ಈ ಬೀಜದ್ದು. ನಮ್ಮ ಊರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಈ ಗಿಡದ ಬಗ್ಗೆ, ಅದರ ಬಣ್ಣದ ಬಗ್ಗೆ ಸಂಶೋಧನೆ ಮಾಡಿದ್ದಾರೆ. ಬಣ್ಣ ತೆಗೆದ ಮೇಲೆ ಉಳಿಯುವ ಎಣ್ಣೆಯಲ್ಲಿ ಜೆರಾನೈಲ್‌ಜೆರಾನಿಯಾಲ್ ಇರುತ್ತದೆ. ಅದನ್ನೇ ಕ್ಯಾಪ್ಸೂಲಿಗೆ ತುಂಬಿ ಮಾರುತ್ತಾರೆ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಸ್ನಾಯು ಕೋಶಗಳಿಗೆ ಸ್ಟ್ಯಾಟಿನ್ ಹಾಕಿದರೆ ಅವು ಸೊರಗುತ್ತವೆ. ಜೊತೆಗೆ ಜೆರಾನೈಲ್‌ಜೆರಾನಿಯಾಲ್ ಹಾಕಿದರೆ ಚೇತರಿಸಿಕೊಳ್ಳುತ್ತವೆ. ಇದು ನಿಜ. ಬತ್ತಿದ ಕವಲಿಗೆ ಹೊರಗಿನಿಂದ ನೀರು ತಂದು ಹಾಯಿಸಿದಂತೆ. ಕೇಳಲು ಸರಿಯಾಗಿಯೇ ಇದೆ.

ಆದರೆ ಕೇಳಲು ಸರಿಯಿದೆ ಎಂಬ ಮಾತ್ರಕ್ಕೆ ಮನುಷ್ಯನ ಮೈಯಲ್ಲಿ ಕೆಲಸ ಮಾಡುತ್ತದೆ ಎನ್ನಲಾಗದು. ಇನ್ನೊಂದು ಕವಲಾದ ಕೋಎನ್‌ಜೈಮ್ ಕ್ಯೂ10 ವಿಷಯದಲ್ಲಿ ಇದೇ ಆಯಿತು. ಅದರ ಹಿಂದೆಯೂ ಇದೇ ತರ್ಕ ಇತ್ತು, ಲಕ್ಷಾಂತರ ಜನ ಕೊಂಡು ನುಂಗಿದರು. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ಸ್ಟ್ಯಾಟಿನ್‌ನಿಂದ ಸ್ನಾಯು ನೋವು ಬರುತ್ತದೆ ಎಂದು ಹೇಳಿಕೊಂಡಿದ್ದ 120 ಮಂದಿಗೆ ಮೊದಲು ಯಾವುದು ಏನೆಂದು ತಿಳಿಸದೆ ಸ್ಟ್ಯಾಟಿನ್ ಮಾತ್ರೆಯನ್ನೂ ಔಷಧವಿಲ್ಲದ ಖಾಲಿ ಮಾತ್ರೆಯನ್ನೂ ಬೇರೆ ಬೇರೆ ಅವಧಿಯಲ್ಲಿ ಕೊಟ್ಟರು. ಸ್ಟ್ಯಾಟಿನ್‌ನಲ್ಲಿ ಮಾತ್ರ ನೋವು ಬಂದವರು ಮೂರರಲ್ಲಿ ಒಂದು ಪಾಲಿನಷ್ಟು ಜನ. ಅವರಿಗೆ ದಿನಕ್ಕೆ 600 ಮಿ.ಗ್ರಾಂ ಕ್ಯೂ10 ಕೊಟ್ಟು ನೋಡಿದರು. ನೋವು ಕಡಿಮೆಯಾಗಲಿಲ್ಲ.

ವಿಟಮಿನ್ ಡಿ ಬಗ್ಗೆಯೂ ಇದೇ ಭರವಸೆ ಇತ್ತು. ಹೊಸದಾಗಿ ಸ್ಟ್ಯಾಟಿನ್ ಶುರು ಮಾಡಿದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ವರದಿ 2022ರಲ್ಲಿ ಬಂತು. ವಿಟಮಿನ್ ಡಿ ತೆಗೆದುಕೊಂಡವರಲ್ಲೂ ಖಾಲಿ ಮಾತ್ರೆ ತೆಗೆದುಕೊಂಡವರಲ್ಲೂ ನೂರಕ್ಕೆ 31 ಮಂದಿ ಸ್ನಾಯು ನೋವು ಎಂದರು. ಒಂದಿಷ್ಟೂ ವ್ಯತ್ಯಾಸವಿಲ್ಲ.

ಇಬ್ನ್ ಸೀನಾ ಕೇಳುವ ಪ್ರಶ್ನೆ

"ಪರೀಕ್ಷೆ ಯಾಕೆ ಹಕೀಮ್ ಸಾಬ್? ನನಗೆ ಕಡಿಮೆಯಾಗಿದೆ, ಅದೇ ಪರೀಕ್ಷೆ" ಎಂದರು ಚಾಚಾ. ನಮ್ಮಲ್ಲಿ ಬಹಳ ಜನ ಹೀಗೆಯೇ ಯೋಚಿಸುತ್ತೇವೆ. ಆದರೆ ಔಷಧವನ್ನು ಪರೀಕ್ಷಿಸಬೇಕು ಎಂಬುದು ಇಂಗ್ಲಿಷ್ ವೈದ್ಯರು ನಮ್ಮ ಮೇಲೆ ಹೇರಿದ ಕ್ರಮವಲ್ಲ. ಅದು ನಮ್ಮದೇ ಪರಂಪರೆ.

ಹತ್ತನೇ ಶತಮಾನದ ಅರ್-ರಾಝಿ ಮಿದುಳಿನ ಊತದ ರೋಗಿಗಳಲ್ಲಿ ಕೆಲವರಿಗೆ ರಕ್ತ ತೆಗೆಯುವ ಚಿಕಿತ್ಸೆ ಮಾಡಿ, ಇನ್ನು ಕೆಲವರಿಗೆ ಬೇಕೆಂದೇ ಮಾಡದೆ ಬಿಟ್ಟು, ಇಬ್ಬರನ್ನೂ ಹೋಲಿಸಿ ನೋಡಿದ್ದನ್ನು ಬರೆದಿಟ್ಟಿದ್ದಾರೆ. ಇಬ್ನ್ ಸೀನಾ (980–1037) ತಮ್ಮ ಅಲ್-ಖಾನೂನ್ ಗ್ರಂಥದ ಎರಡನೇ ಸಂಪುಟದಲ್ಲಿ ಔಷಧದ ಗುಣವನ್ನು ಅನುಭವದಿಂದ ತಿಳಿಯುವುದಕ್ಕೆ ಏಳು ನಿಯಮಗಳನ್ನು ಹಾಕಿದ್ದಾರೆ. ಅವುಗಳಲ್ಲಿ ನಾಲ್ಕು ಇಲ್ಲಿ ನಮಗೆ ಬೇಕು. ಔಷಧದಲ್ಲಿ ಬೇರೇನೂ ಬೆರೆತಿರಬಾರದು. ರೋಗ ಒಂದೇ ಆಗಿರಬೇಕು, ಎರಡು ಮೂರು ಕೂಡಿಕೊಂಡಿರಬಾರದು. ಪರಿಣಾಮ ಒಮ್ಮೆ ಅಲ್ಲ, ಮತ್ತೆ ಮತ್ತೆ, ಹೆಚ್ಚಿನವರಲ್ಲಿ ಕಾಣಬೇಕು. ಪರೀಕ್ಷೆ ಮನುಷ್ಯನ ಮೇಲೇ ನಡೆಯಬೇಕು, ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಹಾಗೆಯೇ ಆಗಬೇಕೆಂದಿಲ್ಲ. ಗಾಜಿನ ತಟ್ಟೆಯ ಕೋಶಕ್ಕಂತೂ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಈಗ ಚಾಚಾರ ಬಾಟಲಿಯನ್ನು ಈ ನಿಯಮಗಳ ಎದುರು ಇಡಿ. ಅವರ ಆ ಒಂದು ತಿಂಗಳಲ್ಲಿ ಬದಲಾದದ್ದು ಮೂರು ಸಂಗತಿ. ಒಂದು, ಸ್ಟ್ಯಾಟಿನ್ ನಿಲ್ಲಿಸಿದರು. ಎರಡು, ನಾನು ಕೊಟ್ಟಿದ್ದ ಮಾಜೂನ್ ಅದೇ ವಾರ ಮುಗಿದಿತ್ತು, ಮತ್ತೆ ತೆಗೆದುಕೊಳ್ಳಲಿಲ್ಲ. ಮೂರು, ಕ್ಯಾಪ್ಸೂಲ್ ಶುರು ಮಾಡಿದರು. ನೋವು ಇಳಿಯಿತು. ಮೂರರಲ್ಲಿ ಯಾವುದರಿಂದ ಇಳಿಯಿತು? ಚಾಚಾ ಮೂರನೆಯದಕ್ಕೆ ಪೂರ್ತಿ ಅಂಕ ಕೊಟ್ಟಿದ್ದರು. ಇಬ್ನ್ ಸೀನಾ ಎದುರಿಗಿದ್ದಿದ್ದರೆ ಇದರಿಂದ ಏನೂ ತಿಳಿಯದು ಎನ್ನುತ್ತಿದ್ದರು.

ಖಾಲಿ ಮಾತ್ರೆಯೂ ನೋಯಿಸಿದಾಗ

ಇದಕ್ಕಿಂತ ಮೊದಲಿನ ಪ್ರಶ್ನೆ ಇನ್ನೊಂದಿದೆ. ನೋವು ನಿಜಕ್ಕೂ ಸ್ಟ್ಯಾಟಿನ್‌ನಿಂದಲೇ ಬಂದದ್ದೇ?

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವೈದ್ಯರು ಅಡ್ಡ ಪರಿಣಾಮ ತಾಳಲಾರದೆ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಯನ್ನು ಸೇರಿಸಿದರು. ಪ್ರತಿಯೊಬ್ಬರಿಗೂ ಹನ್ನೆರಡು ತಿಂಗಳಿಗೆ ಹನ್ನೆರಡು ಡಬ್ಬಿ. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ನೋಡಲು ಹಾಗೆಯೇ ಇರುವ ಖಾಲಿ ಮಾತ್ರೆ, ಇನ್ನು ನಾಲ್ಕು ಡಬ್ಬಿಗಳಲ್ಲಿ ಏನೂ ಇಲ್ಲ. ಮಾತ್ರೆಯಿದ್ದ ತಿಂಗಳುಗಳಲ್ಲಿ ಅದು ಯಾವ ಮಾತ್ರೆ ಎಂದು ಅವರಿಗೆ ಗೊತ್ತಿರಲಿಲ್ಲ. ದಿನವೂ ತಮ್ಮ ತೊಂದರೆಗೆ ನೂರಕ್ಕೆ ಇಷ್ಟು ಎಂದು ಫೋನಿನಲ್ಲಿ ಅಂಕ ಹಾಕಬೇಕು. 2020ರಲ್ಲಿ ಫಲಿತಾಂಶ ಬಂತು. ಮಾತ್ರೆಯೇ ಇಲ್ಲದ ತಿಂಗಳುಗಳಲ್ಲಿ ಸರಾಸರಿ 8 ಅಂಕ. ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3. ಖಾಲಿ ಮಾತ್ರೆಯ ತಿಂಗಳುಗಳಲ್ಲಿ 15.4! ತೊಂದರೆಯ ನೂರಕ್ಕೆ ತೊಂಬತ್ತು ಪಾಲು ಖಾಲಿ ಮಾತ್ರೆಯಲ್ಲೂ ಬಂದಿತ್ತು. ತಮ್ಮ ಅಂಕಪಟ್ಟಿಯನ್ನು ತಾವೇ ಕಂಡ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು.

2022ರಲ್ಲಿ ಸುಮಾರು 1,24,000 ಜನರಿದ್ದ 19 ಪರೀಕ್ಷೆಗಳ ಲೆಕ್ಕವನ್ನು ಒಟ್ಟಿಗೆ ನೋಡಿದರು. ಸ್ನಾಯು ನೋವು ಅಥವಾ ನಿಶ್ಶಕ್ತಿ ಎಂದವರು ಸ್ಟ್ಯಾಟಿನ್ ಗುಂಪಿನಲ್ಲಿ ನೂರಕ್ಕೆ 27.1, ಖಾಲಿ ಮಾತ್ರೆಯ ಗುಂಪಿನಲ್ಲಿ 26.6. ಇದ್ದ ಸ್ವಲ್ಪ ಹೆಚ್ಚಳವೂ ಬಹುಪಾಲು ಮೊದಲ ವರ್ಷದಲ್ಲಿ.

ಇದರ ಅರ್ಥ ನಿಮ್ಮ ನೋವು ಸುಳ್ಳು ಎಂದಲ್ಲ. ಅದು ಬರೀ ಮನಸ್ಸಿನದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೋವು ನಿಜ. ಆದರೆ ಅದರ ಕಾರಣ ವಯಸ್ಸು, ಮಂಡಿ ಸವೆತ, ಥೈರಾಯ್ಡ್ ಕೊರತೆ, ಬಿಸಿಲು ಕಾಣದ ಮೈಯಲ್ಲಿ ವಿಟಮಿನ್ ಡಿ ತೀರಾ ಇಳಿದಿರುವುದು, ಅಥವಾ ಇದು ನೋಯಿಸುತ್ತದೆ ಎಂದು ಹತ್ತು ಜನರಿಂದ ಕೇಳಿ ಹುಟ್ಟಿದ ಆತಂಕವೂ ಇರಬಹುದು. ಆತಂಕದಿಂದ ಹುಟ್ಟಿದ ನೋವೂ ನೋವೇ. ಇನ್ನು, ಕೆಲವರಲ್ಲಿ ನೋವು ನಿಜಕ್ಕೂ ಸ್ಟ್ಯಾಟಿನ್‌ನಿಂದಲೇ ಬರುತ್ತದೆ. ಅದನ್ನೂ ಅಲ್ಲಗಳೆಯುವಂತಿಲ್ಲ.

ಸ್ಟ್ಯಾಟಿನ್‌ನಿಂದ ಬರುವ ನೋವಿಗೆ ಒಂದು ರೀತಿ ಇರುತ್ತದೆ. ಎರಡೂ ತೊಡೆ, ಸೊಂಟದ ಸುತ್ತ, ಎರಡೂ ಭುಜ, ಹೀಗೆ ದೊಡ್ಡ ಸ್ನಾಯುಗಳಲ್ಲಿ, ಎರಡೂ ಕಡೆ ಒಂದೇ ಸಮ. ಮಾತ್ರೆ ಶುರು ಮಾಡಿದ ಅಥವಾ ಹೆಚ್ಚಿಸಿದ ಕೆಲವು ವಾರ, ತಿಂಗಳುಗಳೊಳಗೆ. ಸುಜೂದ್‌ನಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಅಟ್ಟದ ಮೇಲಿನ ಪಾತ್ರೆಗೆ ಕೈಚಾಚುವಾಗ ಗೊತ್ತಾಗುತ್ತದೆ. ಒಂದೇ ಮಂಡಿಯಲ್ಲಿ ಕಟಕಟ ಎನ್ನುವ ನೋವು, ಸೊಂಟದಿಂದ ಒಂದೇ ಕಾಲಿಗೆ ಇಳಿಯುವ ಸೆಳೆತ, ಪಾದದ ಉರಿ, ಇವು ಸಾಮಾನ್ಯವಾಗಿ ಬೇರೆ ಕಾರಣದವು.

ನಮ್ಮ ಗಿಡಮೂಲಿಕೆಗಳು ಪರೀಕ್ಷೆಗೆ ನಿಂತಾಗ

"ಹಾಗಾದರೆ ಸ್ಟ್ಯಾಟಿನ್ ಬದಲು ಮನೆಯ ಬೆಳ್ಳುಳ್ಳಿ, ದಾಲ್ಚಿನ್ನಿ ಸಾಕಲ್ಲವೇ?" ಎಂದು ನನ್ನನ್ನು ಕೇಳದ ದಿನವಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು ಇದನ್ನೇ ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದರು. ಸುಮಾರು ಇನ್ನೂರು ಜನ, 28 ದಿನ. ಒಂದು ಗುಂಪಿಗೆ ರೊಸುವಾಸ್ಟ್ಯಾಟಿನ್‌ನ ಕಡಿಮೆ ಪ್ರಮಾಣ, 5 ಮಿ.ಗ್ರಾಂ. ಇತರ ಗುಂಪುಗಳಿಗೆ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ. ಒಂದು ಗುಂಪಿಗೆ ಖಾಲಿ ಮಾತ್ರೆ. ಸ್ಟ್ಯಾಟಿನ್ ಎಲ್‌ಡಿಎಲ್ಅನ್ನು ನೂರಕ್ಕೆ 38ರಷ್ಟು ಇಳಿಸಿತು. ಉಳಿದ ಆರೂ ಖಾಲಿ ಮಾತ್ರೆಗಿಂತ ಗಮನಾರ್ಹವಾಗಿ ಹೆಚ್ಚೇನೂ ಇಳಿಸಲಿಲ್ಲ. ಬೆಳ್ಳುಳ್ಳಿಯ ಗುಂಪಿನಲ್ಲಿ ಎಲ್‌ಡಿಎಲ್ ಸ್ವಲ್ಪ ಏರಿತ್ತು. ಇದು ಸಣ್ಣ, ಕಡಿಮೆ ಅವಧಿಯ ಪರೀಕ್ಷೆ, ನಿಜ. ಆದರೂ ಸ್ಟ್ಯಾಟಿನ್ ಬಿಟ್ಟು ಇವುಗಳನ್ನು ನಂಬಿ ಕುಳಿತವರಿಗೆ ಇದು ಎಚ್ಚರಿಕೆ. ಸಾರಿಗೆ ಬೆಳ್ಳುಳ್ಳಿ ಧಾರಾಳವಾಗಿ ಹಾಕಿ, ಮಾತ್ರೆಯ ಜಾಗದಲ್ಲಿ ಮಾತ್ರ ಅದನ್ನು ಕೂರಿಸಬೇಡಿ.

ಕೆಂಪು ಯೀಸ್ಟ್ ಅಕ್ಕಿಯ ಬಗ್ಗೆ ಒಂದು ಮಾತು. ಸ್ಟ್ಯಾಟಿನ್ ಆಗದವರಿಗೆ ನೈಸರ್ಗಿಕ ಬದಲಿ ಎಂದು ಇದನ್ನು ಮಾರುತ್ತಾರೆ. ಅದರಲ್ಲಿರುವ ಮೊನಾಕೊಲಿನ್ ಕೆ ಎಂಬುದು ಲೋವಾಸ್ಟ್ಯಾಟಿನ್ ತಾನೇ! ಎಷ್ಟಿದೆ ಎಂಬ ಲೆಕ್ಕವಿಲ್ಲದ ಸ್ಟ್ಯಾಟಿನ್.

ಈಗ ನಮ್ಮ ಮನೆಯ ಮಾತು. ಗುಗ್ಗುಳವನ್ನು ಯುನಾನಿಯಲ್ಲಿ ಮುಖಿಲ್ ಎನ್ನುತ್ತೇವೆ. 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿ, ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥೆಯಾದವರು, ಇದು ಕೊಲೆಸ್ಟ್ರಾಲ್ ಇಳಿಸುತ್ತದೆಯೇ ಎಂದು ಅಧ್ಯಯನ ಮಾಡಿದರು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದರಿಂದ ಔಷಧವನ್ನೂ ತಯಾರಿಸಿತು. ನಮ್ಮ ದೇಶದ ಹಲವು ಅಧ್ಯಯನಗಳು ಒಳ್ಳೆಯ ಫಲಿತಾಂಶ ತೋರಿಸಿದ್ದವು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ಪರೀಕ್ಷಿಸಿದಾಗ ಗುಗ್ಗುಳ ತೆಗೆದುಕೊಂಡವರ ಎಲ್‌ಡಿಎಲ್ ನೂರಕ್ಕೆ 4ರಿಂದ 5ರಷ್ಟು ಏರಿತು, ಖಾಲಿ ಮಾತ್ರೆಯವರಲ್ಲಿ 5ರಷ್ಟು ಇಳಿಯಿತು. ಕೆಲವರಿಗೆ ಮೈಮೇಲೆ ದದ್ದು ಎದ್ದಿತು. ನಾನು ಓದಿದ, ನಂಬಿದ ಔಷಧದ ಬಗ್ಗೆ ಈ ಫಲಿತಾಂಶ ಓದಿ ಬೇಸರವಾದದ್ದು ನಿಜ. ಆದರೆ ಸತ್ಯ ನಮ್ಮ ಪರವಾಗಿಯೇ ಇರಬೇಕೆಂದು ಹಟ ಹಿಡಿಯುವುದು ಹಕೀಮನ ಧರ್ಮವಲ್ಲ.

ನನ್ನ ತಪ್ಪು

ಈಗ ಮೊದಲು ಹೇಳಿದ ವಿಷಯಕ್ಕೆ ಬರುತ್ತೇನೆ. ಚಾಚಾ ತೊಡೆ ನೋವೆಂದು ಮೊದಲ ಬಾರಿ ನನ್ನ ಬಳಿ ಬಂದದ್ದು ಬಾಟಲಿ ತರುವುದಕ್ಕೆ ಎರಡು ತಿಂಗಳು ಹಿಂದೆ. ಅಂದು ದವಾಖಾನೆಯಲ್ಲಿ ಜನ ತುಂಬಿದ್ದರು. ನಾಡಿ ನೋಡಿದೆ, ಕಾಲು ಒತ್ತಿ ನೋಡಿದೆ, ಹಚ್ಚಲು ಎಣ್ಣೆ ಮತ್ತು ತಿನ್ನಲು ಮಾಜೂನ್ ಸೂರಂಜಾನ್ ಕೊಟ್ಟು ಕಳಿಸಿದೆ. ಬೇರೆ ಏನೇನು ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಲಿಲ್ಲ. ಕೀಲು ನೋವಿಗೆ ಸೂರಂಜಾನ್ ನಮ್ಮಲ್ಲಿ ಶತಮಾನಗಳ ಔಷಧ, ಕೈ ತಾನಾಗಿಯೇ ಅದನ್ನು ಬರೆಯುತ್ತದೆ.

ಸೂರಂಜಾನ್ ಕಾಲ್ಚಿಕಮ್ ಗಿಡದ ಗೆಡ್ಡೆ. ಅದರಲ್ಲಿ ಕಾಲ್ಚಿಸಿನ್ ಎಂಬ ಸತ್ವವಿದೆ. ಇಂಗ್ಲಿಷ್ ವೈದ್ಯರು ಗೌಟ್ ರೋಗಕ್ಕೆ ಕೊಡುವ ಕಾಲ್ಚಿಸಿನ್ ಮಾತ್ರೆ ಇದೇ. ಕಾಲ್ಚಿಸಿನ್ ತಾನೇ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು. ಸ್ಟ್ಯಾಟಿನ್ ಜೊತೆ ಸೇರಿದಾಗ, ಅದರಲ್ಲೂ ಮೂತ್ರಪಿಂಡದ ಶಕ್ತಿ ಕುಂದಿದವರಲ್ಲಿ, ಈ ಅಪಾಯ ಹೆಚ್ಚುತ್ತದೆ. ಚಾಚಾರಿಗೆ ಹಳೆಯ ಸಕ್ಕರೆ ಕಾಯಿಲೆ, ಕ್ರಿಯೇಟಿನಿನ್ ಮಿತಿಗಿಂತ ತುಸು ಮೇಲಿತ್ತು. ಮಾಜೂನ್ ತಿಂದ ವಾರಗಳಲ್ಲಿ ಅವರ ನೋವು ಇನ್ನಷ್ಟು ಏರಿತ್ತಂತೆ. ನನ್ನ ಔಷಧದಿಂದಲೇ ಏರಿತೆಂದು ಸಾಧಿಸಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಒಂದು ಪ್ರಶ್ನೆ ಕೇಳಿದ್ದರೆ ನಾನು ಅದನ್ನು ಕೊಡುತ್ತಿರಲಿಲ್ಲ. ನೋವು ಏರಿದ್ದಕ್ಕೆ ಚಾಚಾ ದೂರಿದ್ದು ಸ್ಟ್ಯಾಟಿನ್ಅನ್ನು. ಬಿಟ್ಟದ್ದೂ ಅದನ್ನೇ.

ಅಂದು ಇದನ್ನು ಅವರ ಎದುರೇ ಹೇಳಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಕೀಮ್ ಸಾಬ್, ನಾನೂ ಹೇಳಲಿಲ್ಲವಲ್ಲ" ಎಂದರು. ಹೇಳದಿರುವುದು ರೋಗಿಯ ತಪ್ಪಲ್ಲ. ಕೇಳುವುದು ವೈದ್ಯನ ಕೆಲಸ.

ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದೆವು. ಸ್ನಾಯುವಿಗೆ ಪೆಟ್ಟಾಗಿದ್ದರೆ ಏರುವ ಸಿಪಿಕೆ ತುಸು ಮಾತ್ರ ಹೆಚ್ಚಿತ್ತು, ಥೈರಾಯ್ಡ್ ಸರಿಯಿತ್ತು. ಎಲ್‌ಡಿಎಲ್ ಮಾತ್ರ ಹಿಂದಿನ ವರದಿಯಲ್ಲಿ 66 ಇದ್ದದ್ದು 148ಕ್ಕೆ ಏರಿತ್ತು. ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಾಗ ಚಾಚಾ ಬಾಟಲಿಯನ್ನು ಜೇಬಿಗೆ ಹಾಕಿಕೊಂಡರು. ಅದೇ ವಾರ ಅವರ ಹೃದಯ ವೈದ್ಯರ ಬಳಿ ಕಳಿಸಿದೆ, ನಾನು ಕೊಟ್ಟ ಔಷಧದ ಹೆಸರನ್ನೂ ಚೀಟಿಯಲ್ಲಿ ಬರೆದೆ. ಅವರು ಬೇರೆ ಸ್ಟ್ಯಾಟಿನ್‌ನ ಕಡಿಮೆ ಪ್ರಮಾಣ ಮತ್ತು ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಕೊಟ್ಟರು. ಮಾಜೂನ್ ಇಲ್ಲ, ಕ್ಯಾಪ್ಸೂಲ್ ಇಲ್ಲ. ಖಾಲಾ, ಅಂದರೆ ಚಾಚಾರ ಮನೆಯವರು, ದಿನವೂ ಇಶಾ ನಂತರ ನೋವಿಗೆ ಹತ್ತಕ್ಕೆ ಎಷ್ಟು ಎಂದು ಕೇಳಿ ಕ್ಯಾಲೆಂಡರಿನಲ್ಲಿ ಬರೆದರು. ಮೂರು ತಿಂಗಳ ಕ್ಯಾಲೆಂಡರಿನಲ್ಲಿ 1, 2ರ ಮೇಲೆ ಹೋದದ್ದು ಕೆಲವೇ ದಿನ. ಎಲ್‌ಡಿಎಲ್ ಮತ್ತೆ 70ರ ಕೆಳಗೆ ಬಂತು. ಇದು ಒಬ್ಬರ ಅನುಭವ, ಇದನ್ನೂ ಪುರಾವೆ ಎನ್ನುವುದಿಲ್ಲ. ಆದರೆ ಚಾಚಾ ಮಾತ್ರೆಯನ್ನೂ ನುಂಗುತ್ತಿದ್ದಾರೆ, ಸುಜೂದ್‌ನಿಂದ ತಾವಾಗಿಯೂ ಏಳುತ್ತಿದ್ದಾರೆ.

ನೀವು ಏನು ಮಾಡಬೇಕು?

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನೋವಿದ್ದರೆ ಬರೆದುಕೊಟ್ಟ ವೈದ್ಯರಿಗೆ ಹೇಳಿ. ಬೇರೆ ಸ್ಟ್ಯಾಟಿನ್, ಕಡಿಮೆ ಪ್ರಮಾಣ, ಕೆಲವರಿಗೆ ದಿನ ಬಿಟ್ಟು ದಿನ, ಎಜೆಟಿಮೈಬ್, ಹೀಗೆ ಹಲವು ದಾರಿಗಳಿವೆ. ಸ್ಟ್ಯಾಟಿನ್ ಒಗ್ಗದವರಿಗೆಂದೇ ಬೆಂಪೆಡೊಯಿಕ್ ಆಸಿಡ್ ಎಂಬ ಮಾತ್ರೆ ಬಂದಿದೆ. ಸುಮಾರು 14,000 ಜನರ ಮೇಲೆ ಪರೀಕ್ಷಿಸಿದಾಗ ಅದು ಹೃದಯದ ಅನಾಹುತಗಳನ್ನು ನೂರಕ್ಕೆ 13ರಷ್ಟು ಕಡಿಮೆ ಮಾಡಿದ್ದು 2023ರಲ್ಲಿ ವರದಿಯಾಗಿದೆ.

ಸಿಪಿಕೆ, ಟಿಎಸ್‌ಎಚ್, ವಿಟಮಿನ್ ಡಿ, ಕ್ರಿಯೇಟಿನಿನ್ ಪರೀಕ್ಷೆಗಳ ಬಗ್ಗೆ ಕೇಳಿ. ಥೈರಾಯ್ಡ್ ಕೊರತೆ ಕೊಲೆಸ್ಟ್ರಾಲನ್ನೂ ಏರಿಸುತ್ತದೆ, ಸ್ನಾಯುವನ್ನೂ ನೋಯಿಸುತ್ತದೆ. ಅದನ್ನು ಸರಿಪಡಿಸಿದರೆ ಎರಡೂ ಇಳಿಯಬಹುದು. ವಿಟಮಿನ್ ಡಿ ಸ್ಟ್ಯಾಟಿನ್ ನೋವನ್ನು ತಡೆಯಲಿಲ್ಲ ಎಂದು ಮೇಲೆ ಹೇಳಿದೆ. ಆದರೆ ಅದು ತೀರಾ ಕಡಿಮೆಯಾದರೆ ತಾನೇ ನೋವು ತರುತ್ತದೆ, ಆಗ ಅದಕ್ಕೆ ಚಿಕಿತ್ಸೆ ಬೇಕು.

ಮನೆಯಲ್ಲಿರುವ ಎಲ್ಲ ಮಾತ್ರೆ, ಮಾಜೂನ್, ಕಷಾಯ, ಪುಡಿ, ಕ್ಯಾಪ್ಸೂಲುಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿ ಹೋಗಿ. ಹಕೀಮರ ಬಳಿ ಬರುವಾಗ ಇಂಗ್ಲಿಷ್ ಮಾತ್ರೆ ತನ್ನಿ, ಇಂಗ್ಲಿಷ್ ವೈದ್ಯರ ಬಳಿ ಹೋಗುವಾಗ ಹಕೀಮರ ಔಷಧ ತೋರಿಸಿ. ಕ್ಲಾರಿಥ್ರೊಮೈಸಿನ್‌ನಂತಹ ಕೆಲವು ಆ್ಯಂಟಿಬಯಾಟಿಕ್, ಶಿಲೀಂಧ್ರ ಸೋಂಕಿನ ಇಟ್ರಾಕೊನಜೋಲ್ ಮಾತ್ರೆ ಕೆಲವು ಸ್ಟ್ಯಾಟಿನ್‌ಗಳ ಜೊತೆ ಆಗುವುದಿಲ್ಲ.

ಹಲಾಲ್ ಮುದ್ರೆ ನೋಡುವುದು ಸರಿಯೇ. ಕ್ಯಾಪ್ಸೂಲಿನ ಜೆಲಾಟಿನ್ ಯಾವುದರದು ಎಂದು ಕೇಳುವುದು ನಮ್ಮ ಹಕ್ಕು. ಆದರೆ ಆ ಮುದ್ರೆ ವಸ್ತು ಏನೆಂದು ಹೇಳುತ್ತದೆ, ಅದು ಕೆಲಸ ಮಾಡುತ್ತದೆ ಎಂದಲ್ಲ. ನಮ್ಮ ದೇಶದಲ್ಲಿ ಇಂತಹ ಪೂರಕಗಳು ಆಹಾರದ ನಿಯಮದಡಿ ಮಾರಾಟವಾಗುತ್ತವೆ, ಔಷಧವಾಗಿ ಬಳಸಬಾರದು ಎಂದು ಡಬ್ಬಿಯ ಮೇಲೆಯೇ ಮುದ್ರಿಸಬೇಕೆಂಬ ನಿಯಮವಿದೆ. ಆ ಸಣ್ಣ ಅಕ್ಷರಗಳನ್ನು ಮಕ್ಕಳಿಂದ ಓದಿಸಿ.

ಗಿಡಮೂಲಿಕೆಯ ಪರೀಕ್ಷೆಗೆ ಸೇರುತ್ತೀರಾ ಎಂದು ಯಾವುದಾದರೂ ಆಸ್ಪತ್ರೆಯಲ್ಲಿ ಕೇಳಿದರೆ ಹೆದರಬೇಡಿ. 1984ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಯುನಾನಿ ಸಂಸ್ಥೆಯಂತಹ ಕಡೆ ಸಂಶೋಧನೆಗಳು ನಡೆಯುತ್ತವೆ, ಅವು ನಡೆಯಲೇಬೇಕು. ಆದರೆ ಮೂರು ಪ್ರಶ್ನೆ ಕೇಳಿ. ನೈತಿಕ ಸಮಿತಿ ಒಪ್ಪಿದೆಯೇ? 2009ರಿಂದ ಕಡ್ಡಾಯವಾಗಿರುವ ಭಾರತದ ಕ್ಲಿನಿಕಲ್ ಪರೀಕ್ಷೆಗಳ ನೋಂದಣಿಯಲ್ಲಿ ಇದರ ಸಂಖ್ಯೆ ಎಷ್ಟು? ನನ್ನ ಹೃದಯದ ಮಾತ್ರೆಯನ್ನು ನಿಲ್ಲಿಸಬೇಕೇ? ಕೊನೆಯ ಪ್ರಶ್ನೆಗೆ ಹೌದು ಎಂದರೆ ನಿಮ್ಮ ಹೃದಯ ವೈದ್ಯರನ್ನು ಕೇಳದೆ ಸಹಿ ಹಾಕಬೇಡಿ.

ರಮಝಾನ್‌ನಲ್ಲೂ ಈ ಮಾತ್ರೆ ಬಿಡುವ ಅಗತ್ಯವಿಲ್ಲ. ದಿನಕ್ಕೆ ಒಂದೇ ಬಾರಿ. ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್‌ಗಳನ್ನು ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದಾದ್ದರಿಂದ ಇಫ್ತಾರ್ ನಂತರ ನುಂಗಿದರೆ ಆಯಿತು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಒಂದು ಸಂದರ್ಭವಿದೆ. ಸ್ನಾಯುಗಳು ತೀವ್ರವಾಗಿ ನೋಯುತ್ತಾ, ನಿಲ್ಲಲು ಶಕ್ತಿಯಿಲ್ಲದೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಅಪಾಯವಾಗುತ್ತಿದೆ ಎಂದರ್ಥ. ಇದು ತೀರಾ ಅಪರೂಪ. ಆದರೆ ಹಾಗಾದರೆ ಆ ದಿನದ ಮಾತ್ರೆ ನುಂಗದೆ ಕೂಡಲೇ ಕೆ.ಆರ್. ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಧಾವಿಸಿ.

ಅನ್ನಾಟೊ ಕ್ಯಾಪ್ಸೂಲಿನ ವಿಷಯಕ್ಕೆ ಬಂದರೆ, ನಾನು ಅದರ ಶತ್ರುವಲ್ಲ. ಸ್ಟ್ಯಾಟಿನ್‌ನಿಂದ ನೋವು ಬರುವುದು ಖಚಿತವಾದ ಸಾಕಷ್ಟು ಜನರನ್ನು ಸೇರಿಸಿ, ಅರ್ಧ ಜನರಿಗೆ ಅದನ್ನೂ ಅರ್ಧ ಜನರಿಗೆ ಖಾಲಿ ಕ್ಯಾಪ್ಸೂಲನ್ನೂ ಯಾರಿಗೂ ತಿಳಿಯದಂತೆ ಕೊಟ್ಟು, ನೋವು ಇಳಿಯಿತೇ, ಸ್ಟ್ಯಾಟಿನ್‌ನ ಕೆಲಸ ಕೆಡಲಿಲ್ಲವೇ ಎಂದು ನೋಡಲಿ. ಅದು ಗೆದ್ದರೆ ಈ ಪುಟದಲ್ಲೇ ಅದರ ಪರವಾಗಿ ಬರೆಯುತ್ತೇನೆ, ಇನ್‌ಶಾ ಅಲ್ಲಾಹ್. ಅಲ್ಲಿಯವರೆಗೆ ಒಂದು ಬಾಟಲಿಯ ಹಣದಲ್ಲಿ ಜನೌಷಧಿ ಅಂಗಡಿಯಿಂದ ಹಲವು ತಿಂಗಳ ಸ್ಟ್ಯಾಟಿನ್ ಬರುತ್ತದೆ.

ರೋಗ ಕೊಟ್ಟವನೇ ಔಷಧವನ್ನೂ ಇಟ್ಟಿದ್ದಾನೆ ಎಂದು ನಾವು ನಂಬುತ್ತೇವೆ. ಯಾವುದು ಔಷಧ ಎಂದು ಹುಡುಕಿ, ತೂಗಿ, ಪರೀಕ್ಷಿಸಿ ತಿಳಿಯುವ ಕೆಲಸವನ್ನು ನಮಗೆ ಬಿಟ್ಟಿದ್ದಾನೆ. ಇಂದು ಇಶಾ ನಂತರ ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಏನು ಬಿಟ್ಟಿದ್ದಾರೆ, ಏನು ಹೊಸದಾಗಿ ಸೇರಿಸಿದ್ದಾರೆ ಎಂದು ಕೇಳಿ. ನಾನು ಚಾಚಾರನ್ನು ಕೇಳದೆ ಬಿಟ್ಟದ್ದು ಅದೇ ಪ್ರಶ್ನೆ.